ಕಬ್ಬಿಣದ ಸದ್ದಿನಲ್ಲಿ ನಾವು ಕೇಳದೆ ಹೋದ ಮಾತು

ನಮ್ಮ ಎಡಗೈಯ ತೋರುಬೆರಳಿಗೆ ತುದಿಯಿಲ್ಲ. 1984ರಲ್ಲಿ, ನಮಗೆ 19 ವರ್ಷವಾಗಿದ್ದಾಗ, ತಗಡು ಕತ್ತರಿಸುವ ಯಂತ್ರದಲ್ಲಿ ಅದು ಹೋಯಿತು. ಮಾಲಕರು ಆಸ್ಪತ್ರೆಯ ಖರ್ಚು ಕೊಟ್ಟರು, ಒಂದು ವಾರದ ಸಂಬಳ ಕೊಟ್ಟರು, ಇನ್ನು ಬೇರೆ ಕೆಲಸ ನೋಡಿಕೋ ಎಂದರು. ನಮಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಗಾಯ ಒಣಗಿದ ಮೇಲೆ ಇನ್ನೊಂದು ಕಡೆ ವೆಲ್ಡಿಂಗ್‌ಗೆ ಸೇರಿದೆವು. ಆರು ವರ್ಷ ಕಳೆದು ಊರಲ್ಲೇ ಸ್ವಂತ ವರ್ಕ್‌ಶಾಪ್ ಹಾಕಿದೆವು. ಗೇಟು, ಗ್ರಿಲ್ಲು, ರೋಲಿಂಗ್ ಶಟರ್, ಮಸೀದಿಯ ಕಿಟಕಿ, ದೇವಸ್ಥಾನದ ಕಾಣಿಕೆ ಡಬ್ಬಿ, ಎಲ್ಲವನ್ನೂ ಮಾಡಿದ್ದೇವೆ. ಅಲ್ಲಾಹನ ಕೃಪೆಯಿಂದ ಮನೆ ನಡೆಯಿತು, ಮಕ್ಕಳು ಓದಿದರು.

ಈ ಬೆರಳಿನ ಸುದ್ದಿ ಈಗ ಯಾಕೆ ಎಂದು ಓದುಗರು ಕೇಳಬಹುದು. ನಾವು ಬರೆಯಲು ಹೊರಟಿರುವುದು ಒಂದು ಕ್ಯಾಸೆಟ್‌ನ ಬಗ್ಗೆ. ಅದರ ಹೆಸರು ‘ಪ್ಯಾರನಾಯ್ಡ್’. ಹಾಡಿದವರು ಇಂಗ್ಲೆಂಡಿನ ‘ಬ್ಲ್ಯಾಕ್ ಸಬ್ಬತ್’ ಎಂಬ ತಂಡ. 1970ರಲ್ಲಿ ಬಂದ ಹಾಡುಗಳ ಕಟ್ಟು ಅದು. ಅದಕ್ಕೂ ನಮ್ಮ ಬೆರಳಿಗೂ ಸಂಬಂಧವಿದೆ ಎಂದು ತಿಳಿಯಲು ನಮಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

2003ರ ಮಾರ್ಚ್ ತಿಂಗಳು. ಮಗನಿಗೆ ಆಗ 17 ವರ್ಷ, ಪಿಯುಸಿ ಓದುತ್ತಿದ್ದ. ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿದ ದಿನಗಳವು. ಮಗ್‌ರಿಬ್ ನಮಾಝ್ ಮುಗಿಸಿ ಬಂದ ನೆರೆಹೊರೆಯವರೆಲ್ಲ ನಮ್ಮ ಮನೆಯ ಟಿವಿಯ ಮುಂದೆ ಕೂರುತ್ತಿದ್ದರು. ಬಗ್ದಾದಿನ ಆಕಾಶದಲ್ಲಿ ಬಾಂಬುಗಳ ಬೆಳಕು. ಯುದ್ಧ ಹೂಡಿದವರು ಕೋಟು ಹಾಕಿಕೊಂಡು ಮಾತಾಡುತ್ತಿದ್ದರು, ಸಾಯುವವರು ಬೇರೆ ಯಾರೋ ಆಗಿದ್ದರು. ದೊಡ್ಡವರು ಯುದ್ಧ ಮಾಡುತ್ತಾರೆ, ಬಡವರ ಮಕ್ಕಳು ಸಾಯುತ್ತಾರೆ ಎಂದು ನಾವೆಲ್ಲ ಶಪಿಸುತ್ತಿದ್ದೆವು.

ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ಟೇಪ್ ರೆಕಾರ್ಡರಿನ ಗದ್ದಲ ಬರುತ್ತಿತ್ತು. ಹಗಲಿಡೀ ವರ್ಕ್‌ಶಾಪಿನಲ್ಲಿ ಕಬ್ಬಿಣದ ಬಡಿತ, ರಾತ್ರಿ ಮನೆಯಲ್ಲೂ ಅದೇ ಬಡಿತವೇ ಎಂದು ನಮಗೆ ರೇಗಿತು. ಒಂದು ದಿನ ಎದ್ದು ಹೋಗಿ ಕ್ಯಾಸೆಟ್ಟಿನ ಹೊದಿಕೆ ನೋಡಿದೆವು. ಕತ್ತಲಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ. ತಂಡದ ಹೆಸರಿನಲ್ಲೇ ‘ಕಪ್ಪು’ ಇತ್ತು. ಇದು ಸೈತಾನನನ್ನು ಪೂಜಿಸುವವರ ಹಾಡು ಎಂದು ಯಾರೋ ನಮಗೆ ಹೇಳಿದ್ದು ನೆನಪಾಯಿತು. ಯಾರು, ಎಲ್ಲಿ ಹೇಳಿದರು ಎಂಬುದು ಇಂದಿಗೂ ನೆನಪಿಲ್ಲ.

“ಇರಾಕಿನಲ್ಲಿ ಮಕ್ಕಳು ಸಾಯುತ್ತಿದ್ದಾರೆ, ನೀನು ಸೈತಾನನ ಹಾಡು ಕೇಳುತ್ತಿದ್ದೀಯಾ?” ಎಂದೆವು. ಅವನು ಒಂದೇ ಪ್ರಶ್ನೆ ಕೇಳಿದ. “ಬಾಪಾ, ಇವರು ಏನು ಹಾಡುತ್ತಿದ್ದಾರೆ ಎಂದು ನಿಮಗೆ ಗೊತ್ತಾ?” ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮಗನ ಮುಂದೆ ಒಪ್ಪಿಕೊಳ್ಳುವ ಅಭ್ಯಾಸವೂ ನಮಗಿರಲಿಲ್ಲ. ಕ್ಯಾಸೆಟ್ ಹೊರಗೆ ತೆಗೆದು ರೀಲನ್ನು ಎಳೆದು ಹಾಕಿದೆವು. ಅಂಗಳದ ಕಸದ ಬುಟ್ಟಿಯಲ್ಲಿ ಅದು ಕಂದು ಬಣ್ಣದ ಗೂಡಿನಂತೆ ಬಿದ್ದಿತ್ತು. ಅವನು ಏನೂ ಹೇಳಲಿಲ್ಲ. ಆ ಮೇಲೆ ನಮ್ಮ ಮನೆಯಲ್ಲಿ ಹಾಡು ಕೇಳಿಸಲಿಲ್ಲ. ಮಗನ ಮಾತೂ ಕಡಿಮೆಯಾಯಿತು. ಅದನ್ನು ನಾವು ಶಿಸ್ತು ಎಂದು ತಿಳಿದೆವು.

2025ರ ಜುಲೈ 22ರಂದು ಆ ತಂಡದ ಗಾಯಕ ಓಝಿ ಆಸ್ಬರ್ನ್ ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ಫೋಟೋ ಇತ್ತು. ಆ ಹೆಸರು ಕಣ್ಣಿಗೆ ಬಿದ್ದಾಗ ನಮಗೆ ನೆನಪಾದದ್ದು ಆ ಕಸದ ಬುಟ್ಟಿ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮಗಳನ್ನು ಕರೆದು, “ಇವರು ಏನು ಹಾಡುತ್ತಿದ್ದರು, ಸ್ವಲ್ಪ ಓದಿ ಹೇಳು” ಎಂದೆವು. ಅವಳು ಅಚ್ಚರಿಯಿಂದ ನಮ್ಮ ಮುಖ ನೋಡಿದಳು. ಅಂದಿನಿಂದ ಕೆಲವು ಸಂಜೆಗಳನ್ನು ನಾವು ತಂದೆ ಮಗಳು ಇದಕ್ಕೇ ಕೊಟ್ಟೆವು. ಅವಳು ಓದಿ ಅರ್ಥ ಹೇಳಿದಳು, ಮೊಬೈಲಿನಲ್ಲಿ ಕೇಳಿಸಿದಳು. ಹಾಗೆ ತಿಳಿದದ್ದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಬ್ಬಿಣದ ಊರು. ಮೊಳೆಯಿಂದ ಮೋಟಾರಿನವರೆಗೆ ಅಲ್ಲಿ ತಯಾರಾಗದ ವಸ್ತು ಇರಲಿಲ್ಲ. ಅದರ ಆಸ್ಟನ್ ಎಂಬ ಬಡಾವಣೆಯಲ್ಲಿ ಎರಡನೆಯ ಮಹಾಯುದ್ಧದ ನಂತರ ಬೆಳೆದ ನಾಲ್ವರು ಹುಡುಗರ ತಂಡ ಇದು. ಓಝಿಯದು ಆರು ಮಕ್ಕಳ ಸಂಸಾರ. ಪುಟ್ಟ ಮನೆ, ಶೌಚಾಲಯ ಹೊರಗಡೆ. ಬಾಸ್ ಗಿಟಾರ್ ನುಡಿಸುವ ಗೀಝರ್ ಬಟ್ಲರ್ ಐರಿಷ್ ಕೆಥೊಲಿಕ್ ಕುಟುಂಬದ ಏಳು ಮಕ್ಕಳಲ್ಲಿ ಒಬ್ಬ. ಡ್ರಮ್ಮು ಬಾರಿಸುವವನು ಬಿಲ್ ವಾರ್ಡ್. ಗಿಟಾರಿನವನು ಟೋನಿ ಅಯೋಮಿ, ಇಟಲಿಯಿಂದ ಬಂದು ನೆಲೆಸಿದ ಮನೆತನದವನು. ಬಾಂಬು ಬಿದ್ದು ಹಾಳಾದ ಕಟ್ಟಡಗಳ ನಡುವೆ ಆಡಿ ಬೆಳೆದವರು, ಶಾಲೆ ಬಿಟ್ಟು ದುಡಿಮೆಗೆ ಇಳಿದವರು.

ಅದೇ ಕಾಲದಲ್ಲಿ ಆ ಊರಿನ ಫೌಂಡ್ರಿಗಳಿಗೆ ಪಾಕಿಸ್ತಾನದ ಕಡೆಯ ಮೀರ್‌ಪುರದಿಂದಲೂ ಜನ ಬಂದರು. ಮಂಗ್ಲಾ ಅಣೆಕಟ್ಟಿಗೆ ಹೊಲ ಮನೆ ಕಳೆದುಕೊಂಡವರು ಅವರಲ್ಲಿ ಅನೇಕರಿದ್ದರು. ಇಂದು ಆಸ್ಟನ್‌ನಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಮುಸ್ಲಿಮ್ ಕುಟುಂಬಗಳು ಬಹಳ ಇವೆ. ಒಂದೇ ಊರಿನ ಕುಲುಮೆಗಳು ಬಿಳಿಯರ ಬಡ ಮಕ್ಕಳನ್ನೂ ನಮ್ಮವರನ್ನೂ ಒಟ್ಟಿಗೆ ದುಡಿಸಿದವು ಎಂಬುದು ನಮಗೆ ಹೊಸ ವಿಷಯವಾಗಿತ್ತು.

ಟೋನಿ ಅಯೋಮಿಯ ಕಥೆಯನ್ನು ಮಗಳು ಓದುತ್ತಿದ್ದಂತೆ ನಾವು ಕೈ ಎತ್ತಿ ನಿಲ್ಲಿಸಿದೆವು, ಮತ್ತೊಮ್ಮೆ ಓದು ಎಂದೆವು. 1965. ಅವನಿಗೆ 17 ವರ್ಷ, ತಗಡಿನ ಕಾರ್ಖಾನೆಯಲ್ಲಿ ಕೆಲಸ. ಒಂದು ತಂಡದೊಂದಿಗೆ ಯುರೋಪಿಗೆ ಹೋಗಿ ಗಿಟಾರ್ ನುಡಿಸುವ ಅವಕಾಶ ಸಿಕ್ಕಿತ್ತು. ಅಂದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಾ ಎಂದು ತಾಯಿ ಕಳುಹಿಸಿದಳು. ನಮ್ಮ ತಾಯಂದಿರೂ ಅದನ್ನೇ ಹೇಳುತ್ತಿದ್ದರು. ಅಂದು ಪ್ರೆಸ್ ಯಂತ್ರದವನು ರಜೆ ಹಾಕಿದ್ದ. ಅಭ್ಯಾಸವಿಲ್ಲದ ಈ ಹುಡುಗನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬಲಗೈಯ ಮೇಲೆ ಇಳಿಯಿತು. ಹುಡುಗ ಕೈ ಎಳೆದುಕೊಂಡ. ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಅಲ್ಲೇ ಉಳಿದವು.

ಅಭ್ಯಾಸವಿಲ್ಲದವನನ್ನು ಯಂತ್ರದ ಮುಂದೆ ನಿಲ್ಲಿಸುವುದು ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ಕ್ಷಣದಲ್ಲಿ ನೋವು ತಿಳಿಯುವುದಿಲ್ಲ. ಬೆರಳು ಇದ್ದ ಜಾಗದಲ್ಲಿ ಒಂದು ಬಗೆಯ ತಣ್ಣಗಿನ ಅನುಭವ ಆಗುತ್ತದೆ, ಅಷ್ಟೆ. ನೋವು ಆಮೇಲೆ ಬರುತ್ತದೆ, ನಾಚಿಕೆಯೂ ಆಮೇಲೆಯೇ.

ಅಯೋಮಿ ಎಡಚ. ಎಡಚರು ಗಿಟಾರಿನ ತಂತಿಗಳನ್ನು ಒತ್ತುವುದು ಬಲಗೈಯ ಬೆರಳುಗಳಿಂದ. ಅಂದರೆ ಬೇಕಾದ ಬೆರಳುಗಳೇ ಹೋಗಿದ್ದವು. ಇನ್ನು ನುಡಿಸಲಾಗದು ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಸುಮ್ಮನೆ ಕುಳಿತ ಹುಡುಗನನ್ನು ನೋಡಲು ಕಾರ್ಖಾನೆಯ ಫೋರ್‌ಮನ್ ಒಂದು ಗ್ರಾಮಫೋನ್ ರೆಕಾರ್ಡ್ ಹಿಡಿದು ಬಂದ. ಜಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿ ಗಿಟಾರ್ ವಾದಕನ ರೆಕಾರ್ಡ್. ಕೇಳು ಎಂದ, ಹುಡುಗ ಒಲ್ಲದ ಮನಸ್ಸಿನಿಂದಲೇ ಕೇಳಿದ. ಈ ಮನುಷ್ಯ ಎರಡೇ ಬೆರಳುಗಳಿಂದ ಸ್ವರ ಒತ್ತಿ ನುಡಿಸುತ್ತಿರುವುದು ಎಂದು ಆಮೇಲೆ ಫೋರ್‌ಮನ್ ತಿಳಿಸಿದ. 1928ರಲ್ಲಿ ಬಂಡಿಗೆ ಬೆಂಕಿ ಬಿದ್ದು ರೈನ್‌ಹಾರ್ಟ್‌ನ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವಾಗಿದ್ದವು.

ಅಯೋಮಿ ಎದ್ದ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಟೊಪ್ಪಿಯಂತೆ ಕೂರುವ ಹಾಗೆ ಉಜ್ಜಿ ಉಜ್ಜಿ ಎರಡು ತುದಿಗಳನ್ನು ಮಾಡಿಕೊಂಡ. ತಂತಿ ಜಾರದಂತೆ ಅದರ ಮೇಲೆ ಹಳೆಯ ತೊಗಲಿನ ಚೂರು ಅಂಟಿಸಿದ. ದಪ್ಪ ತಂತಿಗಳನ್ನು ಒತ್ತಿದರೆ ನೋವಾಗುತ್ತದೆ ಎಂದು ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ತಂದು ಗಿಟಾರಿಗೆ ಕಟ್ಟಿದ. ತೊಡಕಿನ ಸ್ವರಜೋಡಣೆಗಳು ಕೈಗೆಟುಕದ ಕಾರಣ ಎರಡು ಮೂರು ಸ್ವರಗಳನ್ನೇ ದಪ್ಪವಾಗಿ, ಭಾರವಾಗಿ ಎಳೆಯುವುದನ್ನು ರೂಢಿಸಿಕೊಂಡ. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಆ ಭಾರದ ನಾದದ ಹಿಂದೆ ತುಂಡಾದ ಎರಡು ಬೆರಳುಗಳಿವೆ. ನಮಗೆ ಗದ್ದಲ ಎನಿಸಿದ್ದು ಒಬ್ಬ ಗಾಯಾಳು ಕಾರ್ಮಿಕ ತನ್ನ ಕೈಗೆ ತಾನೇ ಮಾಡಿಕೊಂಡ ಚಿಕಿತ್ಸೆಯಾಗಿತ್ತು.

ಸೈತಾನನ ಮಾತು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ತಂಡಕ್ಕೆ ಮೊದಲು ‘ಅರ್ಥ್’, ಅಂದರೆ ಭೂಮಿ ಎಂಬ ಹೆಸರಿತ್ತು. ಅದೇ ಹೆಸರಿನ ಇನ್ನೊಂದು ತಂಡ ಇದ್ದುದರಿಂದ ಬದಲಿಸಬೇಕಾಯಿತು. ‘ಬ್ಲ್ಯಾಕ್ ಸಬ್ಬತ್’ ಎಂಬುದು 1963ರ ಒಂದು ಭೂತದ ಸಿನಿಮಾದ ಹೆಸರು. ದುಡ್ಡು ಕೊಟ್ಟು ಹೆದರಿಕೊಳ್ಳಲು ಜನ ಸಾಲು ನಿಲ್ಲುತ್ತಾರಲ್ಲ, ಹೆದರಿಸುವ ಹಾಡನ್ನೂ ಕೇಳಿಯಾರು ಎಂದು ಹುಡುಗರು ಯೋಚಿಸಿದರು. ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಬಂತು. ಅದು ಒಂದೇ ದಿನದಲ್ಲಿ ಧ್ವನಿಮುದ್ರಣವಾದದ್ದು. ಅದರ ಒಳಹೊದಿಕೆಯ ಮೇಲೆ ತಲೆಕೆಳಗಾದ ಶಿಲುಬೆಯ ಚಿತ್ರ ಅಚ್ಚಾಗಿತ್ತು. ಹುಡುಗರಿಗೆ ಅದರ ಸುಳಿವೂ ಇರಲಿಲ್ಲ, ಹಾಕಿದವರು ರೆಕಾರ್ಡ್ ಮಾರುವವರು. ಹಣೆಪಟ್ಟಿ ಮಾತ್ರ ಹಾಡಿದವರಿಗೆ ಅಂಟಿತು. ವಾಸ್ತವದಲ್ಲಿ ತಂಡದ ಹೆಸರನ್ನೇ ಹೊತ್ತ ಮೊದಲ ಹಾಡು ಕಪ್ಪು ಆಕೃತಿಯನ್ನು ಕಂಡು ನಡುಗಿ ದೇವರ ಸಹಾಯ ಬೇಡುವವನ ಹಾಡು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿತ್ತು?

ಹೆಸರು ನೋಡಿ, ವೇಷ ನೋಡಿ ತೀರ್ಪು ಕೊಡುವವರ ಬಗ್ಗೆ ನಮ್ಮ ಸಮುದಾಯಕ್ಕೆ ದೊಡ್ಡ ದೂರಿದೆ. ಆ ದೂರು ನ್ಯಾಯವಾದದ್ದೇ. ಆದರೆ ನಾವು ನಮ್ಮ ಮಗನ ಕ್ಯಾಸೆಟ್ಟಿಗೆ ಮಾಡಿದ್ದೂ ಅದನ್ನೇ.

ಇನ್ನು ಎರಡನೆಯ ಆಲ್ಬಮ್, ‘ಪ್ಯಾರನಾಯ್ಡ್’. 1970ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಕೆಲವೇ ದಿನಗಳಲ್ಲಿ ಮುದ್ರಣವಾಯಿತು, ಸೆಪ್ಟೆಂಬರ್ 18ರಂದು ಹೊರಬಂತು. ಒಟ್ಟು ಎಂಟು ಹಾಡುಗಳು, ಸುಮಾರು 42 ನಿಮಿಷ. ಹೆಚ್ಚಿನ ಸಾಹಿತ್ಯ ಬರೆದವನು ಗೀಝರ್ ಬಟ್ಲರ್.

ಮೊದಲ ಹಾಡು ‘ವಾರ್ ಪಿಗ್ಸ್’. ಯುದ್ಧದ ಹಂದಿಗಳು ಎಂದು ಅರ್ಥ. ಸುಮಾರು ಎಂಟು ನಿಮಿಷಗಳ ಹಾಡು. ವಿಯೆಟ್ನಾಮ್ ಯುದ್ಧ ನಡೆಯುತ್ತಿದ್ದ ಕಾಲ. ತಮ್ಮ ದೇಶವೂ ಅದರಲ್ಲಿ ಸಿಲುಕಿ ತಮ್ಮನ್ನೂ ಸೇನೆಗೆ ಎಳೆದಾರು ಎಂಬ ಭಯ ಆಸ್ಟನ್‌ನ ಈ ಹುಡುಗರಿಗಿತ್ತು. ಮಾಟಗಾತಿಯರು ಒಟ್ಟು ಸೇರುವ ಹಾಗೆ ಸೇನಾಧಿಪತಿಗಳು ಒಟ್ಟು ಸೇರಿ ಸಾವಿನ ಹಂಚಿಕೆ ಹಾಕುತ್ತಾರೆ. ರಾಜಕಾರಣಿಗಳು ಯುದ್ಧ ಶುರು ಮಾಡಿ ತಾವು ಅಡಗಿ ಕೂರುತ್ತಾರೆ, ಹೋರಾಡುವ ಕೆಲಸವನ್ನು ಬಡವರಿಗೆ ಬಿಡುತ್ತಾರೆ. ಕೊನೆಗೆ ತೀರ್ಪಿನ ದಿನ ಬರುತ್ತದೆ. ಅಧಿಕಾರವೆಲ್ಲ ಕೈಬಿಟ್ಟು, ಈ ಯುದ್ಧಕೋರರು ಮೊಣಕಾಲೂರಿ ಪಾಪಕ್ಕೆ ಕ್ಷಮೆ ಬೇಡುತ್ತಾರೆ. ಅವರನ್ನು ನೋಡಿ ಸೈತಾನ ನಗುತ್ತಾನೆ. ಹಾಡಿನ ತಿರುಳು ಇಷ್ಟು. ಈ ಹಾಡಿಗೆ ಮೊದಲು ‘ವಾಲ್‌ಪುರ್ಗಿಸ್’ ಎಂಬ ಹೆಸರಿತ್ತು, ಮಾಟಗಾತಿಯರ ರಾತ್ರಿ ಎಂದರ್ಥ. ನಿಜವಾದ ಸೈತಾನರು ಯುದ್ಧ ಹೂಡುವವರೇ ಎಂಬುದು ಬಟ್ಲರ್‌ನ ಅಭಿಪ್ರಾಯವಾಗಿತ್ತು.

ಮಗಳು ಇದನ್ನು ಓದಿ ಮುಗಿಸಿದಾಗ ನಾವು ಬಹಳ ಹೊತ್ತು ಮಾತಾಡಲಿಲ್ಲ. 2003ರ ಮಾರ್ಚ್‌ನಲ್ಲಿ ಚಾವಡಿಯಲ್ಲಿ ಕುಳಿತು ನಾವು ಹೇಳುತ್ತಿದ್ದ ಮಾತನ್ನೇ ಒಳಗಿನ ಕೋಣೆಯಲ್ಲಿ ಮಗ ಕೇಳುತ್ತಿದ್ದ. ಖಿಯಾಮತ್ ದಿನದಲ್ಲಿ ಜಾಲಿಮನಿಗೆ ಲೆಕ್ಕ ಕೊಡದೆ ವಿಧಿಯಿಲ್ಲ ಎಂಬ ನಮ್ಮ ನಂಬಿಕೆಗೆ ಆ ಹಾಡಿನ ಕೊನೆಯೂ ಹತ್ತಿರವೇ ಇತ್ತು. ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ. ಅದನ್ನು ತೆರೆದು ಒಳಗೆ ಹೋದ ನಾವು ಕೇಳದೆಯೇ ಹೊರಬಂದೆವು.

ಉಳಿದ ಹಾಡುಗಳಲ್ಲೂ ಸೈತಾನನ ಪೂಜೆ ನಮಗೆ ಸಿಗಲಿಲ್ಲ. ‘ಎಲೆಕ್ಟ್ರಿಕ್ ಫ್ಯುನೆರಲ್’ ಅಣುಬಾಂಬು ಬಿದ್ದ ಮೇಲಿನ ಲೋಕದ ಚಿತ್ರ. ‘ಹ್ಯಾಂಡ್ ಆಫ್ ಡೂಮ್’ ಯುದ್ಧದಿಂದ ಮರಳಿ, ಕಂಡದ್ದನ್ನು ಮರೆಯಲು ಹೆರಾಯಿನ್ ಸೂಜಿಗೆ ಬಲಿಯಾಗುವ ಸೈನಿಕರ ಹಾಡು. ಅಮೆರಿಕದ ಸೇನಾ ನೆಲೆಗಳಲ್ಲಿ ನುಡಿಸಲು ಹೋದಾಗ ಇವರು ಅಂಥವರ ಕಥೆ ಕೇಳಿದ್ದರು. ‘ಪ್ಲಾನೆಟ್ ಕ್ಯಾರವಾನ್’ ಎಂಬುದು ಗದ್ದಲವೇ ಇಲ್ಲದ, ಕೈ ತಾಳದ ಮೇಲೆ ತೇಲುವ ಮೆಲುದನಿಯ ಹಾಡು. ಅದನ್ನು ಕೇಳುತ್ತಾ ನಮ್ಮಾಕೆ ಅಡುಗೆ ಮನೆಯಿಂದ ಹೊರಬಂದು, “ಇದೂ ಅವರದ್ದೇನಾ?” ಎಂದು ಕೇಳಿದಳು.

‘ಐರನ್ ಮ್ಯಾನ್’ ಹಾಡಂತೂ ಕಬ್ಬಿಣದ ಕೆಲಸದವರಿಗೆಂದೇ ಬರೆದ ಹಾಗಿದೆ. ಅದು ಅದೇ ಹೆಸರಿನ ಸಿನಿಮಾದ ವೀರನ ಕಥೆಯಲ್ಲ. ಒಬ್ಬ ಮನುಷ್ಯ ಮುಂದಿನ ಕಾಲಕ್ಕೆ ಹೋಗಿ ಲೋಕದ ವಿನಾಶವನ್ನು ಕಾಣುತ್ತಾನೆ. ಜನರನ್ನು ಎಚ್ಚರಿಸಲು ಮರಳುವ ದಾರಿಯಲ್ಲಿ ಉಕ್ಕಾಗಿ ಹೋಗುತ್ತಾನೆ, ಬಾಯಿ ಬರುವುದಿಲ್ಲ. ಜನ ಅವನತ್ತ ತಿರುಗಿಯೂ ನೋಡುವುದಿಲ್ಲ. ಕೊನೆಗೆ ರೊಚ್ಚಿಗೆದ್ದು, ತಾನು ತಡೆಯಲು ಬಂದಿದ್ದ ವಿನಾಶವನ್ನು ತಾನೇ ಮಾಡುತ್ತಾನೆ. ಕೇಳುವವರಿಲ್ಲದ ಮಾತು ಹೇಗೆ ಕೋಪವಾಗಿ ಗಟ್ಟಿಯಾಗುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಹದಿನೇಳರ ಮಕ್ಕಳಿರುವ ಮನೆಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆಲ್ಬಮ್‌ಗೆ ಮೊದಲು ಇಡಲು ಹೊರಟಿದ್ದ ಹೆಸರೂ ‘ವಾರ್ ಪಿಗ್ಸ್’. ಹೊದಿಕೆಯ ಮೇಲಿನ ಕತ್ತಿ ಹಿಡಿದ ಮನುಷ್ಯ ಆ ಹೆಸರಿಗಾಗಿ ತೆಗೆದ ಚಿತ್ರ. ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ಹಾಡುಗಳೆಲ್ಲ ಮುಗಿದ ಮೇಲೆ ಇನ್ನೂ ಮೂರು ನಿಮಿಷ ತುಂಬಿಸಬೇಕು ಎಂದು ನಿರ್ಮಾಪಕ ರಾಜರ್ ಬೇನ್ ಹೇಳಿದರು. ಉಳಿದವರು ಹೊರಗೆ ಹೋಗಿದ್ದಾಗ ಅಯೋಮಿ ಒಂದು ರಾಗದ ಎಳೆ ಹಿಡಿದ. ಅರ್ಧ ಗಂಟೆಯೊಳಗೆ ಹಾಡು ತಯಾರಾಯಿತು. ಅದೇ ‘ಪ್ಯಾರನಾಯ್ಡ್’. ಮನಸ್ಸು ಕುಸಿದವನೊಬ್ಬ ತನ್ನನ್ನು ಯಾರೂ ಅರ್ಥಮಾಡಿಕೊಳ್ಳುತ್ತಿಲ್ಲ ಎಂದು ಹೇಳಿಕೊಳ್ಳುವ ಹಾಡು. ಬಟ್ಲರ್ ಸ್ವತಃ ಖಿನ್ನತೆಯಿಂದ ನರಳಿದವನು. ಗಂಡಸರು, ಅದರಲ್ಲೂ ಕಾರ್ಮಿಕರು, ಅಂಥದ್ದನ್ನು ಬಾಯಿಬಿಟ್ಟು ಹೇಳುವ ಕಾಲ ಅದಾಗಿರಲಿಲ್ಲ. ಜಾಗ ತುಂಬಿಸಲು ಮಾಡಿದ ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು. ಯುದ್ಧದ ಕಾಲದಲ್ಲಿ ಹಳೆಯ ಹೆಸರು ರೆಕಾರ್ಡ್ ಕಂಪೆನಿಗೂ ಹಿತವಾಗಿರಲಿಲ್ಲ ಎನ್ನುತ್ತಾರೆ. ಹೆಸರು ಬದಲಾಯಿತು, ಚಿತ್ರ ಮಾತ್ರ ಹಾಗೆಯೇ ಉಳಿಯಿತು. ನಾವು 2003ರಲ್ಲಿ ಸೈತಾನನ ಸೈನಿಕನೆಂದು ತಿಳಿದದ್ದು ಯುದ್ಧವನ್ನು ಹಳಿಯಲು ನಿಲ್ಲಿಸಿದ್ದ ಆ ಬಡಪಾಯಿಯನ್ನು!

ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ 1971ರ ಜನವರಿಯಲ್ಲಿ ಬಿಡುಗಡೆಯಾಗಿ, ಕಾಲಾಂತರದಲ್ಲಿ ಅಲ್ಲೊಂದರಲ್ಲೇ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ವಿಮರ್ಶಕರು ಆಗ ಇವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೇಳುಗರು ವಿಮರ್ಶಕರನ್ನು ಲೆಕ್ಕಕ್ಕಿಡಲಿಲ್ಲ.

ತಂಡದ ಒಟ್ಟು ಬದುಕಿನಲ್ಲಿ ಈ ಆಲ್ಬಮ್‌ನ ಸ್ಥಾನವೇನು? ನಮಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ಮೊದಲ ಆಲ್ಬಮ್ ಅವರಿಗೆ ಒಂದು ನಾದವನ್ನು ಕೊಟ್ಟಿತು, ಎರಡನೆಯದು ಹೇಳಲು ಮಾತನ್ನು ಕೊಟ್ಟಿತು. ಭೂತದ ಸಿನಿಮಾದ ಭಯ ಬಿಟ್ಟು ಪತ್ರಿಕೆಯಲ್ಲಿ ಬರುವ ಭಯದ ಕಡೆಗೆ ಅವರು ತಿರುಗಿದ್ದು ಇಲ್ಲಿ. 1971ರ ಮೂರನೆಯ ಆಲ್ಬಮ್ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಅಯೋಮಿ ತಂತಿಗಳನ್ನು ಇನ್ನಷ್ಟು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಬೆರಳಿಗೂ ಸುಖ, ನಾದವೂ ಇನ್ನಷ್ಟು ಭಾರ. ಆ ನಂತರ ಹಣ ಬಂತು, ಹಣದ ಜೊತೆ ಮಾದಕ ದ್ರವ್ಯ ಬಂತು. ‘ಹ್ಯಾಂಡ್ ಆಫ್ ಡೂಮ್’ ಬರೆದವರೇ ತಾವು ಎಚ್ಚರಿಸಿದ ಗುಂಡಿಗೆ ಬಿದ್ದರು. 1979ರಲ್ಲಿ ಓಝಿಯನ್ನು ತಂಡದಿಂದ ಹೊರಹಾಕಿದರು. 1980ರಲ್ಲಿ ರಾನಿ ಜೇಮ್ಸ್ ಡಿಯೊ ಎಂಬ ಹೊಸ ಗಾಯಕನೊಂದಿಗೆ ‘ಹೆವನ್ ಆಂಡ್ ಹೆಲ್’ ತಂದು ಮತ್ತೆ ನಿಂತರು. ಬಳಿಕ ಗಾಯಕರು ಹಲವರು ಬಂದು ಹೋದರು, ತಂಡದಲ್ಲಿ ಕೊನೆಯವರೆಗೂ ಉಳಿದವನು ಬೆರಳಿಲ್ಲದ ಅಯೋಮಿ ಒಬ್ಬನೇ. ಬ್ರಿಟನ್ನಿನಲ್ಲಿ ಇವರ ಇನ್ನೊಂದು ಆಲ್ಬಮ್ ಮೊದಲ ಸ್ಥಾನಕ್ಕೆ ಬರಲು 2013ರವರೆಗೆ, ಅಂದರೆ 43 ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಅಯೋಮಿ ಕ್ಯಾನ್ಸರಿನೊಂದಿಗೂ ಹೋರಾಡುತ್ತಿದ್ದ.

2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೊನೆಯ ಬಾರಿಗೆ ಸೇರಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಓಝಿಗೆ ನಿಲ್ಲಲಾಗುತ್ತಿರಲಿಲ್ಲ, ಕುಳಿತೇ ಹಾಡಿದರು. ಬಂದ ಹಣ ಮಕ್ಕಳ ಆಸ್ಪತ್ರೆ ಮತ್ತು ರೋಗಿಗಳ ಸೇವೆಗೆ ಮೀಸಲಾಗಿತ್ತು. ನಾಲ್ವರು ಒಟ್ಟಾಗಿ ನುಡಿಸಿದ್ದು ನಾಲ್ಕೇ ಹಾಡುಗಳನ್ನು. ಅವುಗಳಲ್ಲಿ ಮೂರು ಈ ಒಂದೇ ಆಲ್ಬಮ್‌ನವು: ‘ವಾರ್ ಪಿಗ್ಸ್’, ‘ಐರನ್ ಮ್ಯಾನ್’, ಕೊನೆಗೆ ‘ಪ್ಯಾರನಾಯ್ಡ್’. 55 ವರ್ಷಗಳ ಬಳಿಕ, ಬೆಳೆದ ಬೀದಿಯ ಪಕ್ಕದಲ್ಲಿ ವಿದಾಯ ಹೇಳುವಾಗ ಅವರ ಕೈಗೆ ಬಂದದ್ದು ಇಪ್ಪತ್ತರ ಆಸುಪಾಸಿನಲ್ಲಿ ಮಾಡಿದ ಹಾಡುಗಳೇ. ಹದಿನೇಳು ದಿನಗಳ ನಂತರ ಓಝಿ ಹೋದರು.

ಇವರನ್ನು ಆದರ್ಶ ಪುರುಷರೆಂದು ಹೇಳಲು ನಾವು ಹೊರಟಿಲ್ಲ. ಕುಡಿತ, ಮಾದಕ ದ್ರವ್ಯ, ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿದ ಹುಚ್ಚಾಟ, ಇವೆಲ್ಲ ಓಝಿಯ ಬದುಕಿನಲ್ಲಿ ಇದ್ದವು. ಸಂಗೀತದ ಬಗ್ಗೆ ಉಲಮಾಗಳ ನಡುವೆ ಇರುವ ಭಿನ್ನಾಭಿಪ್ರಾಯವೂ ನಮಗೆ ಗೊತ್ತು, ಅದನ್ನು ಬಗೆಹರಿಸುವ ಯೋಗ್ಯತೆ ನಮಗಿಲ್ಲ. ಒಂದು ಮಾತನ್ನು ತಿರಸ್ಕರಿಸುವ ಮೊದಲು ಅದು ಏನೆಂದು ತಿಳಿದುಕೊಳ್ಳಬೇಕು ಎಂಬುದಷ್ಟೇ ನಮ್ಮ ವಾದ. ತಿಳಿದ ಮೇಲೂ ಬೇಡವೆನಿಸಿದರೆ ಬೇಡ ಎನ್ನೋಣ.

ಇದರಲ್ಲೇ ಇನ್ನೊಂದು ಸಂಗತಿ ಮಗಳು ತೋರಿಸಿದಳು. ನಾವು ಟಿವಿಯಲ್ಲಿ ಬಗ್ದಾದನ್ನು ನೋಡಿ ಮರುಗುತ್ತಿದ್ದ ಆ ಕಾಲದಲ್ಲಿ, ಅದೇ ಬಗ್ದಾದಿನಲ್ಲಿ ‘ಅಕ್ರಾಸಿಕೌಡಾ’ ಎಂಬ ಹೆಸರಿನಲ್ಲಿ ಕೆಲವು ಹುಡುಗರು ಇದೇ ಬಗೆಯ ಸಂಗೀತ ನುಡಿಸುತ್ತಿದ್ದರು. ಅವರ ಅಭ್ಯಾಸದ ಕೋಣೆ ಬಾಂಬಿಗೆ ನಾಶವಾಯಿತು. ಅವರು ಸಿರಿಯಾ, ಟರ್ಕಿ ಎಂದು ಅಲೆದು ಕೊನೆಗೆ ಅಮೆರಿಕ ಸೇರಿದರು. 2007ರಲ್ಲಿ ಅವರ ಬಗ್ಗೆ ‘ಹೆವಿ ಮೆಟಲ್ ಇನ್ ಬಗ್ದಾದ್’ ಎಂಬ ಸಾಕ್ಷ್ಯಚಿತ್ರವೂ ಬಂತು. ಇರಾಕಿನ ಮಕ್ಕಳು ಸಾಯುವಾಗ ಈ ಹಾಡು ಕೇಳುತ್ತೀಯಾ ಎಂದು ನಾವು ಮಗನನ್ನು ಗದರಿಸಿದ್ದೆವು. ಇರಾಕಿನ ಮಕ್ಕಳೇ ಅದನ್ನು ನುಡಿಸುತ್ತಿದ್ದರು.

ಓಝಿಯ ತಂದೆಯ ಕಥೆಯನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೇವೆ. ಆತ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಉಪಕರಣ ತಯಾರಕ, ನಮ್ಮ ಕಸುಬಿನವನೇ. ಮಗ ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ದಂಡ ಕಟ್ಟಲಿಲ್ಲ, ಬುದ್ಧಿ ಕಲಿಯಲಿ ಎಂದು ಜೈಲಿಗೆ ಹೋಗಲು ಬಿಟ್ಟ. ಅಷ್ಟು ಕಟ್ಟುನಿಟ್ಟಿನ ಮನುಷ್ಯ. ಆದರೆ ಅದೇ ಮಗ ಹಾಡಬೇಕು ಎಂದಾಗ ಸಾಲ ಮಾಡಿ ಮೈಕು, ಧ್ವನಿವರ್ಧಕ ಕೊಡಿಸಿದ. ತಂಡದವರನ್ನು ಸೈತಾನನ ಭಕ್ತರೆಂದು ಜನ ಕರೆದಾಗ, ಆ ಹುಡುಗರ ಕೊರಳಿಗೆ ಹಾಕಲು ಲೋಹದ ಶಿಲುಬೆಗಳನ್ನು ತನ್ನ ಕೈಯಾರೆ ಮಾಡಿಕೊಟ್ಟ. ಲೋಹದ ಕೆಲಸ ಬಲ್ಲ ಅಪ್ಪ ಮಗನಿಗಾಗಿ ಏನು ಮಾಡಬಹುದು ಎಂಬುದಕ್ಕೆ ಅದೊಂದು ಉದಾಹರಣೆ. ನಾವು ಮಾಡಿದ್ದು ರೀಲು ಎಳೆದದ್ದು.

2007ರ ಮಾರ್ಚ್‌ನಲ್ಲಿ ‘ಐರನ್ ಮೇಡನ್’ ಎಂಬ ಇನ್ನೊಂದು ಪ್ರಸಿದ್ಧ ಇಂಗ್ಲಿಷ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಮಗ ಆಗ ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನು ಆ ಕಾರ್ಯಕ್ರಮಕ್ಕೆ ಹೋಗಿದ್ದ ಎಂದು ನಮಗೆ ವರ್ಷಗಳ ನಂತರ ಬೇರೆಯವರಿಂದ ತಿಳಿಯಿತು. ಅವನ ಸಂತೋಷದ ಸುದ್ದಿ ನಮಗೆ ಬೇರೆಯವರ ಬಾಯಿಂದ ಬರುವಂತೆ ಮಾಡಿಕೊಂಡವರು ನಾವೇ.

ಈಗ ಅವನು ಸೌದಿಯಲ್ಲಿದ್ದಾನೆ. ಪ್ರತಿ ಶುಕ್ರವಾರ ಫೋನ್ ಮಾಡುತ್ತಾನೆ. ಆರೋಗ್ಯ, ಮಳೆ, ಮಕ್ಕಳ ಶಾಲೆ, ಇಷ್ಟು ಮಾತಾಡಿ ಫೋನನ್ನು ತಾಯಿಗೆ ಕೊಡು ಎನ್ನುತ್ತಾನೆ. ಆಗಸ್ಟ್‌ನ ಒಂದು ಶುಕ್ರವಾರ ನಾವು ಫೋನು ಕೊಡಲಿಲ್ಲ. “ನಿನ್ನ ಆ ಕ್ಯಾಸೆಟ್ ಹಾಳು ಮಾಡಿದ್ದೆವಲ್ಲ, ಅದು ತಪ್ಪಾಯಿತು” ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕ. “ಅದು ನನ್ನದಲ್ಲ ಬಾಪಾ, ಕ್ಲಾಸಿನವನದ್ದು. ಎರಡು ತಿಂಗಳು ಕಾಲೇಜಿಗೆ ನಡೆದೇ ಹೋಗಿ ಬಸ್ಸಿನ ದುಡ್ಡು ಉಳಿಸಿ ಅವನಿಗೆ ಹೊಸತು ಕೊಡಿಸಿದೆ” ಎಂದ.

ಆ ಎರಡು ತಿಂಗಳು ಅವನು ತಡವಾಗಿ ಮನೆಗೆ ಬರುತ್ತಿದ್ದುದು ನಮಗೆ ನೆನಪಿದೆ. ಅದಕ್ಕೂ ನಾವು ಬೈದಿದ್ದೆವು.

ಏನು ಹೇಳಬೇಕೆಂದು ತಿಳಿಯದೆ ನಾವು ಟೋನಿ ಅಯೋಮಿಯ ಬೆರಳಿನ ಕಥೆ ಗೊತ್ತಾ ಎಂದು ಕೇಳಿದೆವು. ಗೊತ್ತು ಎಂದ. “ಆಗಲೇ ಗೊತ್ತಿತ್ತು. ನಿಮಗೆ ಹೇಳಬೇಕು ಅಂತ ಬಹಳ ಇತ್ತು. ನಿಮ್ಮ ಬೆರಳಿನ ಹಾಗೆಯೇ ಅಂತ.”

ಅಂದು ನಾವು ಅರ್ಧ ಗಂಟೆ ಮಾತಾಡಿದೆವು. ಯಾವ ಹಾಡು ಮೊದಲು ಕೇಳಬೇಕು ಎಂದು ಅವನೇ ಹೇಳಿದ. ವರ್ಕ್‌ಶಾಪಿನಲ್ಲಿ ಒಮ್ಮೆ ಹಾಕಿ ನೋಡಿದೆವು. ಗ್ರೈಂಡರಿನ ಸದ್ದಿನ ನಡುವೆ ಅದು ಅಷ್ಟೇನೂ ಪರಕೀಯ ಎನಿಸಲಿಲ್ಲ. ಕೆಲಸದ ಹುಡುಗ ಒಬ್ಬ ತಲೆ ಆಡಿಸುತ್ತಿದ್ದ. ಶೀಟ್ ಕತ್ತರಿಸುವಾಗ ಕೈ ಜಾಗ್ರತೆ ಎಂದು ಅವನಿಗೆ ಹೇಳಿ, ನಾವೂ ಕುಳಿತು ಕೇಳಿದೆವು.